ಟಾಯ್ ನಾಯಿ ತರುತ್ತೀರಾ? ಮೊದಲು ನಿಮ್ಮ ಮನೆಯನ್ನು ನೋಡಿಕೊಳ್ಳಿ

"ನಮ್ಮದು ಟು ಬಿಎಚ್‌ಕೆ, ದೊಡ್ಡ ನಾಯಿಗೆ ಜಾಗ ಇಲ್ಲ, ಅದಕ್ಕೇ ಒಂದು ಶಿಟ್ಜು ತರೋಣ ಅಂತಿದ್ದೀವಿ." ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಶಿಟ್ಜು, ಪಗ್, ಪೊಮೆರೇನಿಯನ್‌ನಂಥ ಪುಟ್ಟ ಜಾತಿಗಳನ್ನೇ ಟಾಯ್ ನಾಯಿ ಅನ್ನುವುದು. ಲೆಕ್ಕ ಶುರುವಾಗುವುದೇ ತಪ್ಪು ಕಡೆಯಿಂದ. ಜಾಗ ಎಷ್ಟಿದೆ ಅನ್ನುವುದು ಕೊನೆಯ ಪ್ರಶ್ನೆ. ಮನೆಯಲ್ಲಿ ಯಾರು ಎಷ್ಟು ಹೊತ್ತು ಇರುತ್ತಾರೆ, ಬೆಳಿಗ್ಗೆ ಯಾರು ಏಳುತ್ತಾರೆ, ಊರಿನ ಬಿಸಿಲು ಎಂಥದ್ದು, ಇವು ಮೊದಲು. ನಾಯಿ ಚಿಕ್ಕದಾದರೆ ತಿನ್ನುವುದು ಕಡಿಮೆ, ಹೇಸಿಗೆ ಎತ್ತಿ ಹಾಕುವುದೂ ಕಡಿಮೆ. ಉಳಿದ ಕೆಲಸವೆಲ್ಲ ದೊಡ್ಡ ನಾಯಿಗೆ ಇರುವಷ್ಟೇ.

ಹಾಗಾಗಿ ಮೊದಲು ಪೇಪರ್, ಪೆನ್ ತಗೊಳ್ಳಿ. ಭಾನುವಾರ ಬೇಡ, ಮಾಮೂಲಿ ಮಂಗಳವಾರ ನಿಮ್ಮ ಮನೆಯಲ್ಲಿ ಯಾವ ಹೊತ್ತಿಗೆ ಯಾರಿರುತ್ತಾರೆ ಅಂತ ಬರೆಯಿರಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಬೀಗ ಬೀಳುವ ಮನೆಯಾದರೆ ಮರಿ ತರುವ ಯೋಚನೆ ಅಲ್ಲಿಗೇ ಬಿಡಿ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಅದಕ್ಕಿಂತ ದೊಡ್ಡ ವಿಷಯ ಹಸಿವು. ಒಂದು ಕೆಜಿಯೂ ತೂಗದ ಮರಿ ಊಟ ತಪ್ಪಿದರೆ ರಕ್ತದ ಸಕ್ಕರೆ ಅಂಶ ಇಳಿದು ತೂರಾಡುತ್ತದೆ, ಮಂಕಾಗುತ್ತದೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಲೇಬೇಕು. ದೊಡ್ಡದಾದ ಮೇಲೂ ಇವು ಒಂಟಿಯಾಗಿ ಇರುವ ಜಾತಿ ಅಲ್ಲ. ಎಷ್ಟೋ ತಲೆಮಾರಿನಿಂದ ಮಡಿಲಲ್ಲಿ ಕೂರಲೆಂದೇ ಬೆಳೆಸಿದ ನಾಯಿಗಳು ಇವು.

"ಅಮ್ಮ ಮನೇಲೇ ಇರ್ತಾರೆ, ನೋಡ್ಕೋತಾರೆ ಬಿಡಿ" ಅನ್ನುವವರು ಜಾಸ್ತಿ. ಸರಿ, ಅಮ್ಮನನ್ನು ಕೇಳಿದ್ದೀರಾ? ಮಂಡಿ ನೋವಿರುವವರಿಗೆ ದಿನಕ್ಕೆ ಹತ್ತು ಸಲ ಬಗ್ಗಿ ನೆಲ ಒರೆಸುವುದು ಸುಮ್ನೆ ಮಾತಲ್ಲ. ಜೊತೆಗೆ ಚಿಕ್ಕ ನಾಯಿ ಕಾಲಿಗೇ ಅಡ್ಡ ಬರುತ್ತದೆ. ಅಡುಗೆಮನೆಯಿಂದ ಬಿಸಿ ಸಾರಿನ ಪಾತ್ರೆ ಹಿಡಿದು ತಿರುಗಿದವರಿಗೆ ಪಾದದ ಹತ್ತಿರ ನಿಂತ ಪೊಮೆರೇನಿಯನ್ ಕಾಣುವುದೇ ಇಲ್ಲ. ಬಿದ್ದರೆ ಇಬ್ಬರಿಗೂ ಪೆಟ್ಟು.

ಎರಡನೆಯದು, ನಾಯಿ ಇಲ್ಲದೆಯೇ ಒಂದು ವಾರ ನಾಯಿ ಸಾಕಿ. ನಗಬೇಡಿ. ಬೆಳಿಗ್ಗೆ ಆರಕ್ಕೆ ಎದ್ದು ಲಿಫ್ಟ್ ಇಳಿದು ಇಪ್ಪತ್ತು ನಿಮಿಷ ಸುತ್ತಿ ಬನ್ನಿ. ರಾತ್ರಿ ಹತ್ತಕ್ಕೆ ಇನ್ನೊಂದು ಸಲ. ಮಳೆ ಬಂದರೂ ಹೋಗಬೇಕು, ನೆಂಟರು ಬಂದರೂ ಹೋಗಬೇಕು. "ಚಿಕ್ಕ ನಾಯಿಗೆ ವಾಕಿಂಗ್ ಬೇಡ" ಅನ್ನುವುದು ಮಾರುವವರ ಮಾತು. ಹೋಗುವಾಗ ಬೀದಿ ನಾಯಿಗಳು ಎಲ್ಲೆಲ್ಲಿ ಮಲಗಿರುತ್ತವೆ ನೋಡಿಕೊಳ್ಳಿ. ಆ ದಾರಿಯಲ್ಲೇ ನೀವು ಮೂರು ಕೆಜಿ ಪ್ರಾಣಿಯನ್ನು ಕರೆದುಕೊಂಡು ಹೋಗಬೇಕು. ನಾಲ್ಕನೇ ದಿನಕ್ಕೇ ಅಲಾರಂ ಆಫ್ ಮಾಡಿ ಮಲಗಿದಿರಾ? ಉತ್ತರ ಸಿಕ್ಕಿತು.

ಆಮೇಲೆ ನೆಲದ ಮೇಲೆ ಮಲಗಿ. ನಿಜವಾಗಲೂ, ಹಾಲ್‌ನಲ್ಲಿ ಕೆನ್ನೆ ನೆಲಕ್ಕೆ ತಾಗುವ ಹಾಗೆ ಮಲಗಿ ಸುತ್ತ ನೋಡಿ. ಸೋಫಾ ಕೆಳಗೆ ಬಿದ್ದಿರುವ ಬಿಪಿ ಮಾತ್ರೆ, ಟಿವಿ ಹಿಂದಿನ ಚಾರ್ಜರ್ ವೈರ್, ಮೂಲೆಯಲ್ಲಿ ಇಟ್ಟ ಇಲಿ ಪಾಷಾಣ, ಎಲ್ಲ ಆಗ ಕಾಣುತ್ತವೆ. ಬಾಲ್ಕನಿ ಗ್ರಿಲ್‌ನ ಸಂದಿಗೆ ಕೈ ಹಾಕಿ ನೋಡಿ. ನಿಮ್ಮ ಮುಷ್ಟಿ ತೂರಿದರೆ ಮರಿಯ ತಲೆಯೂ ತೂರುತ್ತದೆ ಅಂದುಕೊಂಡು ಬಲೆ ಹಾಕಿಸಿ. ನುಣುಪು ಟೈಲ್ಸ್ ಇನ್ನೊಂದು ತಲೆನೋವು. ಟಾಯ್ ಜಾತಿಗಳಲ್ಲಿ ಮಂಡಿಚಿಪ್ಪು ಜಾರುವ ತೊಂದರೆ ಮಾಮೂಲು, ಜಾರುವ ನೆಲದಲ್ಲಿ ಓಡಿ, ಎತ್ತರದ ಸೋಫಾದಿಂದ ದಿನಾ ಹಾರಿ ಅದು ಇನ್ನೂ ಕೆಡುತ್ತದೆ. ನಡೆಯುವ ಜಾಗದಲ್ಲಿ ಜಮಖಾನ ಹಾಸಲು, ಸೋಫಾ ಪಕ್ಕ ಒಂದು ಮೆಟ್ಟಿಲು ಇಡಲು ಒಪ್ಪಿಗೆಯಾ? ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ನನ್ನ ಸಲಹೆ ಒಂದೇ: ಸ್ವಲ್ಪ ವರ್ಷ ತಡೆಯಿರಿ. ಮಗು ಪ್ರೀತಿಯಿಂದ ಎತ್ತಿಕೊಳ್ಳುತ್ತದೆ, ಕೈ ಜಾರುತ್ತದೆ, ಕಡ್ಡಿಯಂಥ ಮುಂಗಾಲು ಮುರಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಯಾವ ಜಾತಿ ಅನ್ನುವ ಮಾತು. ಇಲ್ಲಿ ಊರು ನೋಡಬೇಕು. ಶಿಟ್ಜು, ಪಗ್ ಎರಡೂ ಚಪ್ಪಟೆ ಮೂಗಿನವು. ನಾಯಿ ಮೈ ತಂಪು ಮಾಡಿಕೊಳ್ಳುವುದು ಬೆವರಿ ಅಲ್ಲ, ಏದುಸಿರು ಬಿಟ್ಟು. ಮೂಗಿನ ದಾರಿಯೇ ಇಕ್ಕಟ್ಟಾದರೆ ಅದು ಆಗುವುದಿಲ್ಲ, ಮೈ ಬಿಸಿ ಏರುತ್ತಲೇ ಹೋಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಎಸಿ ಓಡಿಸುವ ಮನಸ್ಸು, ಕರೆಂಟು ಎರಡೂ ಇಲ್ಲದಿದ್ದರೆ ಅಲ್ಲಿಗೆ ಇವು ಬೇಡವೇ ಬೇಡ. ಬೆಂಗಳೂರು, ಮೈಸೂರಿನಲ್ಲಿ ಪರವಾಗಿಲ್ಲ, ಆದರೆ ಮಧ್ಯಾಹ್ನದ ವಾಕಿಂಗ್ ಅಲ್ಲೂ ಬೇಡ. ಮಲೆನಾಡಿನಲ್ಲಿ ತೊಂದರೆ ಬೇರೆ. ಮಳೆಗಾಲದಲ್ಲಿ ಉದ್ದ ಕೂದಲು ಒಣಗುವುದಿಲ್ಲ, ಚರ್ಮಕ್ಕೆ ಫಂಗಸ್ ಹತ್ತುತ್ತದೆ, ಕೂದಲೊಳಗೆ ಉಣ್ಣಿ ಕೂತರೆ ಕಾಣುವುದೇ ಇಲ್ಲ. ಉಣ್ಣಿಯಿಂದ ಬರುವ ಟಿಕ್ ಫೀವರ್ ನಾಯಿಯ ಪ್ರಾಣವನ್ನೇ ತೆಗೆಯಬಹುದು.

ಶಿಟ್ಜು ಕೂದಲು ಕಡಿಮೆ ಉದುರುತ್ತದೆ, ನಿಜ. ಉದುರದ ಕೂದಲು ಗಂಟಾಗುತ್ತದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತದೆ, ನಾಲ್ಕು ದಿನ ಬಾಚದಿದ್ದರೆ ಅಲ್ಲಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ. ದಿನಾ ಬಾಚಬೇಕು, ಕಣ್ಣಿನ ಅಂಚು ಒರೆಸಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು. ಗ್ರೂಮಿಂಗ್ ಖರ್ಚು ಒಂದು ಸಲಕ್ಕೆ ಸಾವಿರ ರೂಪಾಯಿ ದಾಟುವುದು ನಗರದಲ್ಲಿ ಮಾಮೂಲು. ಮನೆಯಲ್ಲೇ ಕಲಿತು ಚಿಕ್ಕದಾಗಿ ಪಪ್ಪಿ ಕಟ್ ಮಾಡುವುದು ಜಾಣತನ. ಪೊಮೆರೇನಿಯನ್‌ಗೆ ಮಾತ್ರ ಬೇಸಿಗೆ ಅಂತ ಬೋಳಿಸಬೇಡಿ, ಎರಡು ಪದರದ ಆ ಕೂದಲು ಮತ್ತೆ ಸರಿಯಾಗಿ ಬರದೆಯೂ ಹೋಗಬಹುದು. ಅದು ಬೊಗಳುತ್ತದೆ ಕೂಡ. ಲಿಫ್ಟ್ ಬಾಗಿಲು, ಕೊರಿಯರ್ ಹುಡುಗ, ಮೇಲಿನ ಮನೆಯವರ ಮಿಕ್ಸಿ, ಎಲ್ಲದಕ್ಕೂ. ಅಂದ ಹಾಗೆ, ನಮ್ಮ ವಠಾರಗಳಲ್ಲಿ ಹಿಂದೆ "ಪಾಮ್" ಅಂತ ಸಾಕುತ್ತಿದ್ದ ಬಿಳಿ ನಾಯಿಗಳು ಬಹುಪಾಲು ಇಂಡಿಯನ್ ಸ್ಪಿಟ್ಜ್. ಸ್ವಲ್ಪ ದೊಡ್ಡದು, ನಮ್ಮ ಹವೆಗೆ ಎಷ್ಟೋ ಹೊಂದಿಕೊಂಡದ್ದು. ಈಗ ಯಾಕೋ ಅದನ್ನು ಕೇಳುವವರು ಕಡಿಮೆ. ನನ್ನನ್ನು ಕೇಳಿದರೆ ಮೊದಲ ಸಲ ಸಾಕುವವರಿಗೆ ಅದೇ ವಾಸಿ.

ಚಿವಾವಾ ಸಾಮಾನ್ಯವಾಗಿ ಮೂರು ಕೆಜಿ ದಾಟುವುದಿಲ್ಲ, ಕೂದಲ ಕೆಲಸ ಕಡಿಮೆ, ಚಳಿ ತಡೆಯುವುದಿಲ್ಲ. ಪಗ್ 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ನಂತರ ಮನೆಮಾತಾಯಿತು. ತೂಕ ಬೇಗ ಏರುತ್ತದೆ, ಏರಿದಷ್ಟೂ ಉಸಿರು ಕಷ್ಟ. ಇನ್ನು "ಟೀಕಪ್" ಅಂತ ಮಾರುತ್ತಾರಲ್ಲ, ಅಂಥ ಜಾತಿಯೇ ಇಲ್ಲ, ಬಡಕಲು ಮರಿಗೆ ಇಟ್ಟ ದುಬಾರಿ ಹೆಸರು ಅದು.

ಅಡುಗೆಮನೆಯನ್ನೂ ಒಂದು ಸಲ ಯೋಚಿಸಿ. ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡ. ದೊಡ್ಡ ನಾಯಿ ಒಂದು ತುಣುಕು ತಿಂದು ಜೀರ್ಣಿಸಿಕೊಂಡೀತು, ಎರಡು ಕೆಜಿ ನಾಯಿಗೆ ಅದೇ ತುಣುಕು ಜಾಸ್ತಿ. ಹಬ್ಬದ ದಿನ ಮಕ್ಕಳು, ನೆಂಟರು ಕೈಯಲ್ಲಿದ್ದದ್ದನ್ನೆಲ್ಲ ಹಾಕುವ ಮನೆಯಾದರೆ ಮೊದಲೇ ಕಟ್ಟುನಿಟ್ಟು ಮಾಡಿ. ಮೊಟ್ಟೆ ಒಳಗೆ ಬರಬಾರದು ಅನ್ನುವ ಮನೆಯಾ? ಬರೀ ಮೊಸರನ್ನದಲ್ಲಿ ನಾಯಿ ಬೆಳೆಯುವುದಿಲ್ಲ. ಪೂರ್ತಿ ಪೋಷಕಾಂಶ ಇರುವ ಸಸ್ಯಾಹಾರಿ ಡಾಗ್ ಫುಡ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನ ಮಾಡಿ, ತಂದ ಮೇಲಲ್ಲ, ತರುವ ಮುಂಚೆ.

ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಅಸೋಸಿಯೇಷನ್‌ಗಳು ನಾಯಿ ಸಾಕಬಾರದು, ಲಿಫ್ಟ್ ಬಳಸಬಾರದು ಅಂತ ನಿಷೇಧ ಹಾಕುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಪಕ್ಕದ ಮನೆಯವರಿಗೆ ಮುಂಚೆ ಒಂದು ಮಾತು ಹೇಳಿಡುವುದು ಒಳ್ಳೆಯದು, ಅಲ್ವಾ?

ವಯಸ್ಸಿನ ಲೆಕ್ಕ ಮರೆಯಬೇಡಿ. ಪೊಮೆರೇನಿಯನ್ 12ರಿಂದ 16 ವರ್ಷ ಬದುಕುತ್ತದೆ. ಐದನೇ ಕ್ಲಾಸಿನ ಮಗಳು ಹಟ ಮಾಡಿ ತರಿಸಿದ ನಾಯಿಗೆ ಮುಪ್ಪು ಬರುವ ಹೊತ್ತಿಗೆ ಅವಳು ಕೆಲಸಕ್ಕೆ ಸೇರಿ ಬೇರೆ ಊರಲ್ಲಿ ಇರುತ್ತಾಳೆ, ಹಲ್ಲು ಉದುರಿದ ನಾಯಿಗೆ ಕಲಸಿ ತಿನ್ನಿಸುವವರು ನೀವೇ.

ಇಷ್ಟಾದರೂ ಬೇಕು ಅನ್ನಿಸಿದರೆ ಹುಡುಕಲು ಹೊರಡಿ. ನಾಯಿ ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಹಾಕಿಸಿ ಮಾರುವ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಪತ್ರ ಕೇಳಿ. ತಾಯಿ ನಾಯಿಯನ್ನು ತೋರಿಸಿ ಅನ್ನಿ. ಕಾರಿನ ಡಿಕ್ಕಿಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಮರಿ ತಂದುಕೊಡುತ್ತೇವೆ ಅನ್ನುವವರಿಗೆ ಅಡ್ವಾನ್ಸ್ ಹಾಕಬೇಡಿ. ಶಿಟ್ಜು, ಪಗ್ ಮರಿಯಾದರೆ ಮೂಗಿನ ಹೊಳ್ಳೆ ತೆರೆದಿದೆಯೋ ಸೀಳಿನಂತಿದೆಯೋ ನೋಡಿ, ಐದು ನಿಮಿಷ ಆಡಿಸಿ, ಆಮೇಲೆ ಕಿವಿಗೊಟ್ಟು ಉಸಿರು ಕೇಳಿ. ಗೊರಕೆ ಬಂದರೆ "ಈ ಜಾತಿಯೇ ಹಾಗೆ" ಅನ್ನುತ್ತಾರೆ. ಎದ್ದು ಬನ್ನಿ.

ಮರಿಯೇ ಬೇಕೆಂದಿಲ್ಲ. ಸಾಕಿ ಬಿಟ್ಟುಹೋದ ಶಿಟ್ಜು, ಪಗ್, ಪಾಮ್‌ಗಳು ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ದತ್ತುಗೆ ಸಿಗುತ್ತವೆ. ನಾಲ್ಕೈದು ವರ್ಷದ ನಾಯಿಯ ಸ್ವಭಾವ ಕಣ್ಣೆದುರೇ ಇರುತ್ತದೆ: ಬೊಗಳುತ್ತದೋ, ಮಕ್ಕಳಿಗೆ ಹೊಂದುತ್ತದೋ, ಮಂಡಿ ಹೇಗಿದೆ, ಎಲ್ಲ. ಯಾವುದನ್ನೇ ತಂದರೂ ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ತಗೊಳ್ಳಿ, ಈ ಪುಟ್ಟ ನಾಯಿಗಳ ಶ್ವಾಸನಾಳ ಮೆತ್ತಗಿರುತ್ತದೆ. ರಾತ್ರಿ ಎರಡು ಗಂಟೆಗೂ ಬಾಗಿಲು ತೆರೆಯುವ ಕ್ಲಿನಿಕ್ ನಿಮ್ಮ ಏರಿಯಾದಲ್ಲಿ ಎಲ್ಲಿದೆ ಅಂತ ಹುಡುಕಿ, ಆ ನಂಬರನ್ನು ನಾಯಿ ಮನೆಗೆ ಬರುವ ಮೊದಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.