ವೆಬ್‌ಕ್ಯಾಮನ್ನೇ ಬಾರ್‌ಕೋಡ್ ಸ್ಕ್ಯಾನರ್ ಮಾಡಿಕೊಂಡ ಅನುಭವ

ಮನೆಯಲ್ಲಿರುವ ಪುಸ್ತಕಗಳ ಪಟ್ಟಿ ಮಾಡಬೇಕಿತ್ತು. ಪುಸ್ತಕದ ಹಿಂಬದಿಯಲ್ಲಿ ಬಾರ್‌ಕೋಡ್ ಇದೆ, ಮೇಜಿನ ಮೇಲೆ ವೆಬ್‌ಕ್ಯಾಮ್ ಇದೆ. ಎರಡನ್ನೂ ಸೇರಿಸಿದರೆ ಆಯ್ತಲ್ವಾ ಅಂದುಕೊಂಡೆ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯಿಂದ ಚಿತ್ರ ತೆಗೆದು, ಬಾರ್‌ಕೋಡ್ ಓದುವ ಝೀಬಾರ್ ಲೈಬ್ರರಿಗೆ ಕೊಡುವ ಪೈಥಾನ್ ಪ್ರೋಗ್ರಾಮ್ ಇಪ್ಪತ್ತು ಸಾಲಿನಲ್ಲಿ ಮುಗಿಯಿತು. ಫೋನಿನಲ್ಲಿ ತೆಗೆದ ಫೋಟೋ ಕೊಟ್ಟರೆ ತಕ್ಷಣ ಓದಿತು. ವೆಬ್‌ಕ್ಯಾಮ್ ಮುಂದೆ ಪುಸ್ತಕ ಹಿಡಿದರೆ ಒಂದಂಕಿಯೂ ಬರಲಿಲ್ಲ.

ಎರಡು ಸಂಜೆ ಕೋಡ್ ತಿದ್ದುತ್ತಾ ಕೂತೆ. ಕೊನೆಗೆ ಅದನ್ನು ಬಿಟ್ಟು ಹಾಳೆಯ ಮೇಲೆ ಲೆಕ್ಕ ಹಾಕಿದೆ. ಪುಸ್ತಕದ ಮೇಲಿರುವುದು ಇಎಎನ್-13 ಎಂಬ ಹದಿಮೂರು ಅಂಕಿಯ ಬಾರ್‌ಕೋಡ್. ಅದರಲ್ಲಿನ ತೀರಾ ತೆಳು ಗೆರೆಯನ್ನು ಒಂದು ಪಟ್ಟಿ ಎಂದು ಹಿಡಿದರೆ, ಇಡೀ ಕೋಡ್ 95 ಪಟ್ಟಿ ಅಗಲ. ಎರಡು ಕಡೆಯ ಬಿಳಿ ಅಂಚೂ ಸೇರಿದರೆ 113. ಮಾಮೂಲಿ ಅಳತೆಯಲ್ಲಿ ಅಚ್ಚಾದರೆ ಇಷ್ಟೂ ಸುಮಾರು 37 ಮಿಲಿಮೀಟರ್ ಒಳಗೆ ಕೂತಿರುತ್ತದೆ. ಒಂದು ಪಟ್ಟಿಗೆ ಎರಡು ಪಿಕ್ಸೆಲ್ ಆದರೂ ಬೇಕು, ಮೂರಿದ್ದರೆ ನಿಶ್ಚಿಂತೆ. ನನ್ನ ಕ್ಯಾಮೆರಾ ಸುಮಾರು 60 ಡಿಗ್ರಿ ಅಗಲ ನೋಡುತ್ತದೆ. 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ, 40 ಸೆಂಟಿಮೀಟರ್ ದೂರದಿಂದ, ಇಡೀ ಬಾರ್‌ಕೋಡಿಗೆ ಸಿಗುವುದು 50 ಪಿಕ್ಸೆಲ್ ಅಷ್ಟೇ! ಪಟ್ಟಿಗೆ ಅರ್ಧ ಪಿಕ್ಸೆಲ್ಲೂ ಇಲ್ಲ. ಯಾವ ಲೈಬ್ರರಿ ತಂದರೂ ಇದನ್ನು ಓದಲಾರದು.

ಅಂದರೆ 1280 ಪಿಕ್ಸೆಲ್ ಅಗಲ ಇಟ್ಟುಕೊಂಡು, ಪುಸ್ತಕವನ್ನು ಕ್ಯಾಮೆರಾದಿಂದ 10 ಸೆಂಟಿಮೀಟರ್ ದೂರಕ್ಕೆ ತರಬೇಕು. ಆಗ ಪಟ್ಟಿಗೆ ಮೂರಕ್ಕಿಂತ ಜಾಸ್ತಿ ಪಿಕ್ಸೆಲ್ ಸಿಗುತ್ತವೆ. ಆದರೆ ಕಡಿಮೆ ಬೆಲೆಯ ವೆಬ್‌ಕ್ಯಾಮಿನ ಫೋಕಸ್ ಎದುರು ಕೂತವರ ಮುಖಕ್ಕೆ ಹೊಂದಿಸಿರುತ್ತದೆ. ಅಷ್ಟು ಹತ್ತಿರ ತಂದರೆ ಎಲ್ಲವೂ ಮಸುಕು. ನಾನು ಕ್ಯಾಮೆರಾ ಬಿಚ್ಚಿದೆ. ಲೆನ್ಸ್ ಸ್ಕ್ರೂ ಹಾಗೆ ತಿರುಗುವ ತಿರುಪಿನಲ್ಲಿ ಕೂತಿತ್ತು, ಅಲುಗದಂತೆ ಒಂದು ಹನಿ ಅಂಟು ಹಾಕಿದ್ದರು. ಅಂಟು ಕೆರೆದು, ಪರದೆ ನೋಡುತ್ತಾ ಲೆನ್ಸನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿದೆ. ಗೆರೆಗಳು ಚೂಪಾದ ಆ ಗಳಿಗೆಯಲ್ಲೇ ಪರದೆಯ ಮೇಲೆ 978ರಿಂದ ಶುರುವಾಗುವ ಪುಸ್ತಕದ ಸಂಖ್ಯೆ ಬಂತು. ಆ ಖುಷಿ ಇನ್ನೂ ನೆನಪಿದೆ. ಬಿಚ್ಚಲು ಮನಸ್ಸಿಲ್ಲದಿದ್ದರೆ ಲೆನ್ಸ್ ಮುಂದೆ ಸಣ್ಣ ಭೂತಗನ್ನಡಿ ಅಂಟಿಸಿದರೂ ಕೆಲಸ ಆಗುತ್ತದೆ.

ಬೆಳಕನ್ನೂ ಮರೆಯಬೇಡಿ. ಬೆಳಕು ಕಡಿಮೆಯಾದರೆ ಕ್ಯಾಮೆರಾ ತಾನೇ ಎಕ್ಸ್‌ಪೋಶರ್ (ಒಂದು ಚಿತ್ರಕ್ಕೆ ಬೆಳಕು ಹಿಡಿಯುವ ಸಮಯ) ಉದ್ದ ಮಾಡುತ್ತದೆ, ಕೈ ಚೂರು ಅಲುಗಿದರೂ ಗೆರೆಗಳು ಕಲೆಸಿಹೋಗುತ್ತವೆ. ಪಕ್ಕದಿಂದ ಒಂದು ದೀಪ ಇಟ್ಟು, ಆಮೇಲೆ ಎಕ್ಸ್‌ಪೋಶರ್ ಅನ್ನು ಕೈಯಿಂದ ಕಡಿಮೆ ಮಾಡಿದೆ. ದೀಪ ಎದುರಿಗಿದ್ದರೆ ನುಣುಪು ರಕ್ಷಾಪುಟ ಹೊಳೆದು ಕೋಡಿನ ನಡುವೆ ಬಿಳಿ ಮಚ್ಚೆ ಬೀಳುತ್ತದೆ.

ಡೆಸ್ಕ್‌ಟಾಪ್‌ನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಮ್ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ತೆವಳಿತು. ಪುಸ್ತಕ ತೆಗೆದು ಎರಡು ಸೆಕೆಂಡ್ ಆದ ಮೇಲೆ ಸಂಖ್ಯೆ ಬರುತ್ತಿತ್ತು. ಕ್ಯಾಮೆರಾ ನಡೆಸುವ ಡ್ರೈವರ್ ತಂತ್ರಾಂಶ ಕೆಲವು ಫ್ರೇಮ್‌ಗಳನ್ನು, ಅಂದರೆ ಬಿಡಿ ಚಿತ್ರಗಳನ್ನು, ಸಾಲಿನಲ್ಲಿ ನಿಲ್ಲಿಸಿಕೊಂಡಿರುತ್ತದೆ. ಓದುವುದು ನಿಧಾನವಾದರೆ ನಮ್ಮ ಕೈಗೆ ಬರುವುದೆಲ್ಲ ಹಳೇ ಫ್ರೇಮು. ಅದಕ್ಕೆ ಜೊತೆಜೊತೆಗೇ ಓಡುವ ಬೇರೆ ಥ್ರೆಡ್ ಇಟ್ಟೆ. ಅದು ಫ್ರೇಮ್‌ಗಳನ್ನು ಸುಮ್ನೆ ತೆಗೆಯುತ್ತಾ, ಕೊನೆಯದೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಇದೊಂದರಿಂದಲೇ ತಡ ಹೋಯಿತು.

ಇನ್ನೊಂದು ಉಳಿತಾಯ ಫಾರ್ಮ್ಯಾಟ್‌ನಲ್ಲಿ ಸಿಕ್ಕಿತು. 1280×720 ಚಿತ್ರವನ್ನು ಕುಗ್ಗಿಸದೆ, ವೈಯುವೈವಿ ಎಂಬ ಫಾರ್ಮ್ಯಾಟ್‌ನಲ್ಲಿ ಸೆಕೆಂಡಿಗೆ 30 ಸಲ ಕಳಿಸಬೇಕಾದರೆ ಸುಮಾರು 55 ಎಂಬಿ ಆಗುತ್ತದೆ. ಯುಎಸ್‌ಬಿ 2.0ರ ಲೆಕ್ಕದ ಮಿತಿಯೇ 60, ನಿಜದಲ್ಲಿ ಅಷ್ಟೂ ಸಿಗುವುದಿಲ್ಲ. ಹಾಗಾಗಿ ಕ್ಯಾಮೆರಾ ಕೊಡುವುದು ಹತ್ತೇ ಫ್ರೇಮ್. ಪ್ರತಿ ಫ್ರೇಮನ್ನೂ ಕುಗ್ಗಿಸಿ ಕಳಿಸುವ ಎಂಜೆಪಿಇಜಿ ಕೇಳಿದರೆ 30 ಸಿಗುತ್ತದೆ, ಆದರೆ ಬಿಡಿಸುವ ಹೊರೆ ಪ್ರೊಸೆಸರ್ ಮೇಲೆ. ನಮಗೆ ಹತ್ತು ಧಾರಾಳ ಸಾಕು. ಮೇಲಾಗಿ ವೈಯುವೈವಿಯಲ್ಲಿ ಒಂದು ಬಿಟ್ಟು ಒಂದು ಬೈಟ್ ತೆಗೆದುಕೊಂಡರೆ ಕಪ್ಪು-ಬಿಳುಪು ಚಿತ್ರ ನೇರವಾಗಿ ಸಿಗುತ್ತದೆ, ಬಣ್ಣ ಬದಲಿಸುವ ಲೆಕ್ಕವೇ ಬೇಡ. ಅದರಲ್ಲೂ ನಡುವಿನ 300 ಸಾಲುಗಳನ್ನು ಮಾತ್ರ ಝೀಬಾರ್‌ಗೆ ಕೊಟ್ಟೆ. ಆಗಾಗ ಕ್ಯಾಮೆರಾ ಮಾಯವಾಗುತ್ತಿದ್ದದ್ದು ಪವರ್ ಸಪ್ಲೈ ಬದಲಿಸಿದ ಮೇಲೆ ನಿಂತಿತು.

ಓದಿದ್ದನ್ನೆಲ್ಲ ನಂಬುವ ಹಾಗೂ ಇಲ್ಲ. ಮೊದಲು ಎಲ್ಲ ಬಗೆಯ ಕೋಡ್‌ಗಳನ್ನೂ ಆನ್ ಇಟ್ಟಿದ್ದೆ. ರಕ್ಷಾಪುಟದ ಗೆರೆ ಚಿತ್ರದಲ್ಲೂ ಝೀಬಾರ್‌ಗೆ ಯಾವುದೋ ಚಿಕ್ಕ ಸಂಖ್ಯೆ ಕಾಣುತ್ತಿತ್ತು. ಇಎಎನ್-13 ಒಂದನ್ನೇ ಉಳಿಸಿದೆ. ಅದರ ಕೊನೆಯ ಅಂಕಿ ತಾಳೆ ನೋಡಲೆಂದೇ ಇದೆ: ಎಡದಿಂದ ಒಂದನ್ನು 1ರಿಂದ, ಮುಂದಿನದನ್ನು 3ರಿಂದ ಗುಣಿಸುತ್ತಾ ಹೋಗಿ ಕೂಡಿಸಿದರೆ ಮೊತ್ತ 10ರಿಂದ ಭಾಗವಾಗಬೇಕು. ಒಂದೇ ಅಂಕಿ ತಪ್ಪಿದ್ದರೆ ಖಂಡಿತ ಸಿಕ್ಕಿಬೀಳುತ್ತದೆ. ಆದರೆ ಪೂರ್ತಿ ಅಡ್ಡಾದಿಡ್ಡಿ ಓದಿದ ಸಂಖ್ಯೆಗಳಲ್ಲಿ ಹತ್ತಕ್ಕೊಂದು ಪಾಸಾಗಿಬಿಡಬಹುದು. ಅದಕ್ಕೇ ಎರಡು ಫ್ರೇಮ್‌ನಲ್ಲಿ ಸತತವಾಗಿ ಒಂದೇ ಸಂಖ್ಯೆ ಬಂದರೆ ಮಾತ್ರ ಒಪ್ಪಿಕೊಂಡು ಬೀಪ್ ಮಾಡಿಸುತ್ತೇನೆ. ಅದೇ ಸಂಖ್ಯೆ ಎರಡು ಸೆಕೆಂಡ್ ಒಳಗೆ ಮತ್ತೆ ಬಂದರೆ ಬಿಟ್ಟುಬಿಡುತ್ತೇನೆ.

ಕೊನೆಯ ಹೆಜ್ಜೆಯಾಗಿ ಸಂಖ್ಯೆಯನ್ನು ಲಿನಕ್ಸ್‌ನಲ್ಲಿ ಪ್ರೋಗ್ರಾಮೇ ಕೀಲಿ ಒತ್ತಿದಂತೆ ಮಾಡಿಸುವ ಯುಇನ್‌ಪುಟ್ ಎಂಬ ಸೌಲಭ್ಯದ ಮೂಲಕ ಕೀಬೋರ್ಡಿನಲ್ಲಿ ಟೈಪ್ ಮಾಡಿದ ಹಾಗೆ ಕಳಿಸಿದೆ. ಈಗ ಕರ್ಸರ್ ಎಲ್ಲಿದೆಯೋ ಅಲ್ಲಿ ಸಂಖ್ಯೆ ಬಂದು ಬೀಳುತ್ತದೆ. ಯುಇನ್‌ಪುಟ್ ಕಳಿಸುವುದು ಅಕ್ಷರವನ್ನಲ್ಲ, ಕೀಲಿಯ ನಂಬರನ್ನು. ಕೀಬೋರ್ಡ್ ವಿನ್ಯಾಸ ಬೇರೆ ಇದ್ದರೆ ಅಂಕಿಯ ಬದಲು ಚಿಹ್ನೆಗಳು ಬರಬಹುದು. ಬಲಗಡೆಯ ನಂಬರ್ ಪ್ಯಾಡ್ ಕೀಲಿಗಳನ್ನು ಕಳಿಸಿ, ನಮ್ ಲಾಕ್ ಆನ್ ಇರುವಂತೆ ನೋಡಿಕೊಂಡ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.