ಬಿಸಿಲಿಗೆ ನಿಂತ ಸೆಸ್ನಾ 172ಎಸ್ ತಡವರಿಸಿದರೆ ಎಲ್ಲಿಂದ ಹುಡುಕಬೇಕು

ಮೇ ತಿಂಗಳಲ್ಲಿ ಕಲಬುರಗಿ ವಿಮಾನ ನಿಲ್ದಾಣದ ಕಾದ ನೆಲದ ಮೇಲೆ ನಿಂತ ಸೆಸ್ನಾ 172ಎಸ್ ಎಂಬ ಸಣ್ಣ ಒಂಟಿ ಎಂಜಿನ್ ವಿಮಾನ ಸ್ಟಾರ್ಟ್ ಆಗದಿದ್ದರೆ, ಆಗಿಯೂ ಎಂಜಿನ್ ತಡವರಿಸಿದರೆ, ಮೊದಲೇ ಎಂಜಿನ್ ಮೇಲೆ ಗುಮಾನಿ ಪಡಬೇಡಿ. ಟ್ಯಾಂಕಿನಿಂದ ಶುರು ಮಾಡಿ.

ಈ ಮಾದರಿಗೆ, ಇಂಧನವನ್ನು ತುಸು ಹೊರಬಿಟ್ಟು ನೋಡಲು, 13 ಡ್ರೈನ್‌ಗಳಿವೆ: ಒಂದೊಂದು ರೆಕ್ಕೆಯಡಿ 5, ಹೊಟ್ಟೆಯಡಿ 3. ಒಂದನ್ನೂ ಬಿಡದೆ ಕಪ್‌ಗೆ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು ನೋಡಿ. ಈ ವಿಮಾನಕ್ಕೆ ಹಾಕುವ 100 ಎಲ್‌ಎಲ್ ಪೆಟ್ರೋಲ್ ತಿಳಿನೀಲಿ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ. ಕಣ್ಣು ಮೋಸ ಹೋಗುವುದು ಕಪ್ ತುಂಬ ನೀರೇ ಬಂದಾಗ. ಪದರವೇ ಕಾಣದೆ ಎಲ್ಲ ಸ್ವಚ್ಛ ಅನಿಸುತ್ತದೆ. ಅದಕ್ಕೇ ನೀಲಿ ಇದೆಯೇ ಎಂದು ನೋಡಿ, ಮೂಸಿ. ಸೀಮೆಎಣ್ಣೆ ವಾಸನೆ ಬಂದರೆ ಹಾಳೆಯ ಮೇಲೆ ಎರಡು ಹನಿ ಬಿಡಿ. ವಿಮಾನ ಪೆಟ್ರೋಲ್ ಆರಿಹೋಗುತ್ತದೆ, ಜೆಟ್ ಇಂಧನ ಜಿಡ್ಡಿನ ಕಲೆ ಉಳಿಸುತ್ತದೆ. ಕಲೆ ಉಳಿದರೆ ಆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ.

ನೀರು ಮತ್ತೆ ಮತ್ತೆ ಬರುತ್ತಿದ್ದರೆ ಟ್ಯಾಂಕಿನ ಮುಚ್ಚಳ ನೋಡಿ. ನಮ್ಮ ಬೇಸಿಗೆ ರಬ್ಬರ್ ಸೀಲನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಮುಂಗಾರಿನ ಮೊದಲ ಮಳೆ ಅಲ್ಲಿಂದಲೇ ಇಳಿಯುತ್ತದೆ. ಜೂನ್‌ಗೆ ಮುಂಚೆ ಸೀಲ್ ಪರೀಕ್ಷಿಸುವುದು ಇಲ್ಲಿ ಬಹಳ ಮುಖ್ಯ.

ಎಡ ರೆಕ್ಕೆಯಡಿ, ಸ್ಟ್ರಟ್ (ರೆಕ್ಕೆಗೆ ಆಸರೆಯಾದ ಓರೆ ಕಂಬಿ) ಪಕ್ಕದ, ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಮುಚ್ಚಳಗಳ ವೆಂಟ್‌ಗಳೂ ಕಟ್ಟಿದ್ದರೆ ಟ್ಯಾಂಕಿನೊಳಗೆ ಗಾಳಿ ಸೇರದೆ ಎಂಜಿನ್ ಸ್ವಲ್ಪ ಹೊತ್ತು ಓಡಿ ಸೊರಗುತ್ತದೆ. ತಂತಿ ತೂರಿಸಬೇಡಿ, ಆ ಹಾದಿಯಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ಕವಾಟ) ಇದೆ.

ಇಷ್ಟೂ ಸರಿಯಿದ್ದರೆ ಉಳಿದದ್ದು ಆವಿ. ಈಗಷ್ಟೇ ಇಳಿದು ನಿಂತ ಎಂಜಿನ್‌ನ ಶಾಖಕ್ಕೆ ಮೇಲಿನ ಸಣ್ಣ ಕೊಳವೆಗಳಲ್ಲೇ ಪೆಟ್ರೋಲ್ ಕುದಿಯುತ್ತದೆ. ನಿಲ್ಲಿಸುವಾಗ ಮೂತಿಯನ್ನು ಗಾಳಿಗೆ ಮಾಡಿ, ಶಾಖ ಹೊರಹೋಗಲು ಎಂಜಿನ್ ಮುಚ್ಚಳದ ಆಯಿಲ್ ಬಾಗಿಲು ತೆರೆದಿಡಿ. ಹೊರಡುವ ಮುಂಚೆ ಮುಚ್ಚಲು ಮರೆಯಬೇಡಿ. ಬಿಸಿ ಎಂಜಿನ್‌ಗೆ ಪ್ರೈಮ್ (ಸ್ಟಾರ್ಟ್‌ಗೆ ಮೊದಲೇ ಇಂಧನ ಊಡುವುದು) ಬೇಡ: ಥ್ರಾಟಲ್ ಕಾಲು ಇಂಚು ತೆರೆದು, ಮಿಕ್ಸ್‌ಚರ್ (ಇಂಧನದ ಪ್ರಮಾಣ ಹೊಂದಿಸುವ ಹಿಡಿ) ಕಟ್‌ಆಫ್‌ನಲ್ಲಿಟ್ಟು, ಸ್ಟಾರ್ಟರ್ ತಿರುಗಿಸಿ, ಎಂಜಿನ್ ಹಿಡಿದೊಡನೆ ಮಿಕ್ಸ್‌ಚರನ್ನು ನಯವಾಗಿ ಮುಂದಕ್ಕೆ. ಹಾರಾಟದಲ್ಲಿ ಇಂಧನದ ಹರಿವು ಗಂಟೆಗೆ 1 ಗ್ಯಾಲನ್ ಅಥವಾ ಹೆಚ್ಚು ಏರಿಳಿದರೆ ಎಲೆಕ್ಟ್ರಿಕ್ ಪಂಪ್ ಹಾಕಿ, ಮಿಕ್ಸ್‌ಚರ್ ಹೊಂದಿಸಿ. ನಿಲ್ಲದಿದ್ದರೆ ಇನ್ನೊಂದು ಟ್ಯಾಂಕಿಗೆ ಬದಲಿಸಿ. ಹರಿವು ಸ್ಥಿರವಾದ ಮೇಲೆ ಪಂಪ್ ಆರಿಸಿ.

ರೆಕ್ಕೆಯ ಅಡಿಯಲ್ಲೋ ಇಂಧನ ಸೋಸುವ ಸ್ಟ್ರೈನರ್ ಸುತ್ತಲೋ ಒಣಗಿದ ನೀಲಿ ಕಲೆ ಕಂಡರೆ ಅದು ಸೋರಿಕೆ. ಒರೆಸಿಬಿಡಬೇಡಿ, ಲಾಗ್‌ಬುಕ್‌ನಲ್ಲಿ ಬರೆದು, ಕಲೆ ಇದ್ದ ಹಾಗೇ ಲೈಸೆನ್ಸ್ ಇರುವ ಎಂಜಿನಿಯರ್‌ಗೆ ತೋರಿಸಿ. ಎಲ್ಲಿಂದ ಸೋರಿತು ಎಂಬುದು ಅವರಿಗೆ ಆ ಕಲೆಯಿಂದಲೇ ಗೊತ್ತಾಗಬೇಕು.