ಮೈಐಸ್ಯಾಮ್ ಬಿಟ್ಟು ಇನ್ನೊಡಿಬಿಗೆ: ನನ್ನ ಅನುಭವ

ನಾನು ನೋಡಿಕೊಳ್ಳುವ ವರ್ಡ್‌ಪ್ರೆಸ್ ತಾಣವು, ಸಂಪಾದಕರು ಲೇಖನ ಉಳಿಸಿದಾಗಲೆಲ್ಲ, ಓದುಗರಿಗೂ ಕೆಲವು ಕ್ಷಣ ತೆರೆಯದೆ ನಿಂತುಬಿಡುತ್ತಿತ್ತು. ಸರ್ವರ್‌ನ ಮೆಮೊರಿ ಸಾಲದೆಂದು ಮೊದಲು ಭಾವಿಸಿದ್ದೆ. ಆದರೆ ತಾಣದ ದತ್ತಾಂಶವನ್ನು ಇಟ್ಟುಕೊಳ್ಳುವ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ, ಆ ಹೊತ್ತಿಗೆ ನಡೆಯುತ್ತಿರುವ ಕೆಲಸಗಳನ್ನು ತೋರಿಸುವ ‘ಶೋ ಪ್ರೊಸೆಸ್‌ಲಿಸ್ಟ್’ ಆದೇಶ ಕೊಟ್ಟು ನೋಡಿದಾಗ, ಹತ್ತಾರು ಕ್ವೆರಿಗಳು (ದತ್ತಾಂಶದ ಕೋರಿಕೆಗಳು) ಲೇಖನಗಳ ಟೇಬಲ್ ಒಂದರ ಲಾಕ್‌ಗಾಗಿ, ಎಂದರೆ ಒಂದು ಕೆಲಸ ಮುಗಿಯುವವರೆಗೆ ಉಳಿದವನ್ನು ತಡೆಯುವ ಬೀಗಕ್ಕಾಗಿ, ಸಾಲುಗಟ್ಟಿ ಕಾಯುತ್ತಿರುವುದು ಕಂಡಿತು.

ನಮ್ಮ ಹಳೆಯ ಟೇಬಲ್‌ಗಳೆಲ್ಲ ಮೈಐಸ್ಯಾಮ್ ಎಂಬ ಹಳೆಯ ಎಂಜಿನ್‌ನಲ್ಲಿಯೇ ಉಳಿದಿದ್ದವು (ಎಂಜಿನ್ ಎಂದರೆ ಟೇಬಲ್‌ಗಳನ್ನು ಸಂಗ್ರಹಿಸಿ ನಿರ್ವಹಿಸುವ ಭಾಗ). ಮೈಎಸ್‌ಕ್ಯೂಎಲ್ 5.5ರಿಂದ ಹೊಸ ಟೇಬಲ್‌ಗಳಿಗೆ ಇನ್ನೊಡಿಬಿಯೇ ಡಿಫಾಲ್ಟ್ ಎಂಜಿನ್ ಆಗಿದ್ದರೂ, ಆವೃತ್ತಿಯನ್ನು ಏರಿಸಿದ ಮಾತ್ರಕ್ಕೆ ಹಿಂದಿನ ಟೇಬಲ್‌ಗಳು ತಾವಾಗಿಯೇ ಬದಲಾಗುವುದಿಲ್ಲ ಎಂಬುದನ್ನು ನಾನು ಗಮನಿಸಿರಲಿಲ್ಲ. ಮೈಐಸ್ಯಾಮ್ ತಿದ್ದುಪಡಿಯ ಹೊತ್ತಿಗೆ ಇಡೀ ಟೇಬಲನ್ನೇ ಲಾಕ್ ಮಾಡುತ್ತದೆ. ಇನ್ನೊಡಿಬಿ ಆಯಾ ಸಾಲುಗಳನ್ನಷ್ಟೇ ಲಾಕ್ ಮಾಡಿ, ಓದುವವರಿಗೆ ಅವುಗಳ ಹಿಂದಿನ ರೂಪವನ್ನು ತೋರಿಸುವುದರಿಂದ ಅವರು ಸಾಮಾನ್ಯವಾಗಿ ಕಾಯಬೇಕಾಗುವುದಿಲ್ಲ. ಸರ್ವರ್ ಹಠಾತ್ತನೆ ನಿಂತರೂ ಇನ್ನೊಡಿಬಿ ಬದಲಾವಣೆಗಳನ್ನು ಬರೆದಿಟ್ಟುಕೊಂಡ ತನ್ನ ಲಾಗ್‌ನ ನೆರವಿನಿಂದ ದತ್ತಾಂಶವನ್ನು ಸುಸ್ಥಿತಿಗೆ ತರುತ್ತದೆ. ಇನ್ನೊಬ್ಬರ ಬರಹಗಳನ್ನು ಕಾಪಾಡುವ ಹೊಣೆ ಹೊತ್ತವನಾಗಿ ನನಗೆ ವೇಗಕ್ಕಿಂತಲೂ ಈ ಗುಣವೇ ಮುಖ್ಯವೆನಿಸಿತು.

ಬ್ಯಾಕಪ್ ತೆಗೆದುಕೊಂಡು, ಅದನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ ಪರೀಕ್ಷಿಸಿದ ಬಳಿಕ, ‘ಆಲ್ಟರ್ ಟೇಬಲ್’ ಆದೇಶದಿಂದ ಟೇಬಲ್‌ಗಳನ್ನು ಒಂದೊಂದಾಗಿ ರಾತ್ರಿಯ ಹೊತ್ತು ಇನ್ನೊಡಿಬಿಗೆ ಬದಲಿಸಿದೆ. ಇನ್ನೊಡಿಬಿ ದತ್ತಾಂಶವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗವಾದ, ಡಿಫಾಲ್ಟ್ ಆಗಿ 128 ಎಂಬಿ ಇದ್ದ ಬಫರ್ ಪೂಲನ್ನು 1 ಜಿಬಿಗೆ ಏರಿಸಿದೆ. ಇದನ್ನು ಮರೆತರೆ ಬದಲಾವಣೆಯ ಪೂರ್ಣ ಫಲ ಸಿಗುವುದಿಲ್ಲ.

ಹುಡುಕಾಟದ ಫಲಿತಾಂಶಗಳು ಮಾತ್ರ ತುಸು ಬೇರೆಯಾದವು. ಲೇಖನದೊಳಗಿನ ಪದಗಳನ್ನು ಹುಡುಕಲು ನೆರವಾಗುವ ಫುಲ್‌ಟೆಕ್ಸ್ಟ್ ಇಂಡೆಕ್ಸ್ ಮೈಎಸ್‌ಕ್ಯೂಎಲ್ 5.6ರಿಂದಲೇ ಇನ್ನೊಡಿಬಿಯಲ್ಲೂ ಇದೆ, ಆದರೆ ಹುಡುಕಾಟಕ್ಕೆ ಸಿಗಬೇಕಾದ ಪದದ ಕನಿಷ್ಠ ಉದ್ದ ಡಿಫಾಲ್ಟ್ ಆಗಿ ಮೈಐಸ್ಯಾಮ್‌ನಲ್ಲಿ 4 ಅಕ್ಷರವಾಗಿದ್ದರೆ ಇಲ್ಲಿ 3. ಅದನ್ನು ಸಂಪಾದಕರಿಗೆ ತಿಳಿಸಿ, ಹಾಗೆಯೇ ಉಳಿಸಿಕೊಂಡೆವು.